ಶಾಲೆ ಬಿಟ್ಟ ಮೇಲೆ ಮಗು ಯಾರ ಬಳಿ?

ಮಗುವನ್ನು ಶಾಲೆಗೆ ಕಳುಹಿಸುವ ಹೊತ್ತಿನ ವಿಚಾರವಾಗಿ ನಮ್ಮ ಮನೆಗಳಲ್ಲಿ ನಡೆಯುವಷ್ಟು ಆಲೋಚನೆಯು, ಅದು ಶಾಲೆಯಿಂದ ಮರಳುವ ಹೊತ್ತಿನ ವಿಚಾರವಾಗಿ ನಡೆಯುವುದಿಲ್ಲ. ಶಾಲೆಯ ಕಡೆಯ ಗಂಟೆಯು ಸಂಜೆ ನಾಲ್ಕರ ಸುಮಾರಿಗೆ ಬಾರಿಸುತ್ತದೆ. ತಂದೆತಾಯಿಗಳ ದುಡಿಮೆಯಾದರೋ ಆಗ ಮುಗಿದಿರುವುದಿಲ್ಲ. ಈ ನಡುವಣ ಎರಡು ಮೂರು ಗಂಟೆಗಳ ಕಾಲ, ಆರರಿಂದ ಹತ್ತು ವರ್ಷದ ಮಗು ಯಾರ ಕಣ್ಣಳತೆಯಲ್ಲಿರಬೇಕು? ಆ ಹೊಣೆಯನ್ನು ಹೊರುವುದನ್ನೇ ಒಂದು ವೃತ್ತಿಯನ್ನಾಗಿ ಕೈಗೊಳ್ಳಬಹುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳನ್ನೇ ನೋಡಿರಿ. ಬಿಡದಿಯ ಕಾರ್ಖಾನೆಗಳಿಗೂ ಬೆಂಗಳೂರಿಗೂ ಪ್ರತಿದಿನ ರೈಲು ಬಸ್ಸುಗಳಲ್ಲಿ ಹೋಗಿಬರುವವರು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಹಳ್ಳಿಗಳಲ್ಲಿ ರೇಷ್ಮೆಹುಳುವು ಕಡೆಯ ಜ್ವರವೆದ್ದು ಸೊಪ್ಪನ್ನು ಮೇಯುವ ದಿನಗಳಲ್ಲಿ ಮನೆಮಂದಿಯೆಲ್ಲ ಹಿಪ್ಪುನೇರಳೆಯ ತೋಟದಲ್ಲಿಯೂ ಹುಳುವಿನ ತಟ್ಟೆಗಳ ಬಳಿಯಲ್ಲಿಯೂ ಇರಬೇಕಾಗುತ್ತದೆ. ಅಜ್ಜಿ ತಾತಂದಿರಿರುವ ಮನೆಗಳಿಗೆ ಅಷ್ಟು ಚಿಂತೆಯಿಲ್ಲ. ಆದರೆ ಬಾಡಿಗೆಯ ಎರಡು ಕೋಣೆಗಳಲ್ಲಿ ಬಿಡಾರ ಹೂಡಿರುವ ಸಣ್ಣ ಸಂಸಾರದ ಮಗುವು ಬೀಗದ ಕೈಯನ್ನು ಚೀಲದಲ್ಲಿಟ್ಟುಕೊಂಡು ತಾನೇ ಬಾಗಿಲು ತೆರೆಯಬೇಕಾಗುತ್ತದೆ.

ಈ ಸೀಮೆಯಲ್ಲಿ ಸಂಜೆಯ ಹೊತ್ತಿಗೆ ಬೇರೊಂದು ಚರಿತ್ರೆಯೂ ಉಂಟು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಹಿಂದೆ ಎಳೆಯ ಮಕ್ಕಳ ಕೈಗಳೂ ದುಡಿದುವು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, ಹದಿನಾಲ್ಕು ತುಂಬದವರನ್ನು ಕೂಲಿಗೆ ಹಚ್ಚುವುದು ಪೂರ್ಣವಾಗಿ ನಿಷಿದ್ಧವಾಯಿತು. ಆದರೂ ಅಪಾಯಕರವಲ್ಲದ ಮನೆತನದ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಮಗು ನೆರವಾಗಬಹುದೆಂದು ಆ ಕಾಯಿದೆಯೇ ಎಡೆಗೊಟ್ಟಿದೆ. ಎಂದರೆ, ಮಗುವಿನ ಸಂಜೆಯನ್ನು ಕಾಯುವ ಕೆಲಸವನ್ನು ಕಾಯಿದೆಯೊಂದೇ ಪೂರೈಸಲಾರದು, ನೆರೆಹೊರೆಯವರು ಕೈಹಾಕಬೇಕು.

ಸರ್ಕಾರದ ಏರ್ಪಾಡುಗಳಿಲ್ಲವೆ ಎಂದು ಕೇಳಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಆರು ವರ್ಷದೊಳಗಿನ ಶಿಶುಗಳಿಗಾಗಿ ಇರತಕ್ಕವು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಮಕ್ಕಳು ಪುಸ್ತಕ ಓದಬಹುದು. ಆದರೆ ತಾಯಿ ಬರುವವರೆಗೆ ಮಗುವಿನ ಹೊಣೆ ಹೊರುವುದು ಗ್ರಂಥಾಲಯದ ಕೆಲಸವಲ್ಲ. ಹೀಗೆ ಒಂದನೆಯ ತರಗತಿಗೆ ಕಾಲಿಟ್ಟ ಮಗುವು ಶಿಶುವಿಹಾರಕ್ಕೆ ದೊಡ್ಡದೂ, ಒಬ್ಬಂಟಿಯಾಗಿರುವುದಕ್ಕೆ ಚಿಕ್ಕದೂ ಆಗಿ ಉಳಿದುಬಿಡುತ್ತದೆ.

ಶಾಲೆಯ ಹೊರಗೂ ಮಕ್ಕಳಿಗೆ ತಮ್ಮದೇ ಆದ ಒಂದು ತಾವು ಬೇಕೆಂಬುದು ಕನ್ನಡ ನಾಡಿಗೆ ಹೊಸ ವಿಚಾರವೇನೂ ಅಲ್ಲ. 'ಸರಸ್ವತಿ' ಮಾಸಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿಯೇ ಬೆಂಗಳೂರಿನಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಕಟ್ಟಿದರು. ಅದು ಆಟಪಾಟಗಳ ಕೂಟ. ನಾವು ಹೇಳುತ್ತಿರುವುದು ನಿತ್ಯದ ಪಾಲನೆ. ಆದರೂ ಎರಡರ ಮೂಲಭಾವವೊಂದೇ.

ಈ ಕೆಲಸಕ್ಕೆ ಇಳಿಯತಕ್ಕವರು ಮೊದಲು ತಿಳಿಯಬೇಕಾದುದೇನೆಂದರೆ, ಇದು ಮನೆಪಾಠವಲ್ಲ. ಆರು ಗಂಟೆ ಕುಳಿತು ಕಲಿತು ಬಂದ ಮಗುವನ್ನು ಮತ್ತೆ ಹಲಗೆಯ ಮುಂದೆ ಕೂರಿಸುವುದು ಸಲ್ಲದು. ಬಂದೊಡನೆ ಕೈಕಾಲು ತೊಳೆಯಿಸಿ ತಿಂಡಿ ಕೊಡುವುದು, ಬಳಿಕ ಒಂದು ಗಂಟೆ ಬಯಲಿನ ಆಟ, ಅರ್ಧ ಗಂಟೆ ಶಾಲೆಯವರು ಕೊಟ್ಟ ಕೆಲಸ, ಕಡೆಗೆ ಕಥೆಯೋ ಹಾಡೋ, ಚನ್ನಪಟ್ಟಣದ ಅರಗಿನ ಬುಗುರಿಯೋ, ಇಷ್ಟು ಸಾಕು. ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯು ವಿಧಿಸಿರುವುದರಿಂದ, ನೌಕರಿಯಲ್ಲಿರುವವರಿಗಿಂತ ನಿವೃತ್ತರಿಗೂ, ಓದಿ ಮನೆಯಲ್ಲಿರುವ ಗೃಹಿಣಿಯರಿಗೂ, ಶಿಶುಶಿಕ್ಷಣದ ತರಬೇತಿ ಪಡೆದ ತರುಣಿಯರಿಗೂ ಇದು ಹೆಚ್ಚು ಒಪ್ಪುತ್ತದೆ. ಪ್ರಥಮ ಚಿಕಿತ್ಸೆಯನ್ನು ಕಲಿಯದೆ ಯಾರೂ ಆರಂಭಿಸಬಾರದು.

ಒಬ್ಬರ ಕಣ್ಣಿಗೆ ಎಂಟು ಮಕ್ಕಳು ಸಾಕು. ಶಾಲೆಗೆ ನಡೆದು ಬರುವಷ್ಟು ಸಮೀಪದ, ಗಾಳಿ ಬೆಳಕುಳ್ಳ, ಬಾವಿ ಸಂಪುಗಳಿಗೆ ಭದ್ರವಾದ ಮುಚ್ಚಳವಿರುವ ಮನೆಯಾಗಬೇಕು. ಮಗು ಬಂದ ಹೊತ್ತನ್ನೂ ಹೋದ ಹೊತ್ತನ್ನೂ, ಕರೆದೊಯ್ದವರ ರುಜುವನ್ನೂ ಒಂದು ಪುಸ್ತಕದಲ್ಲಿ ದಾಖಲಿಸಬೇಕು. ತಂದೆತಾಯಿಗಳು ಮೊದಲೇ ಹೆಸರಿಸಿದವರ ಹೊರತು, ಎಂತಹ ಬಂಧುವೆಂದು ಹೇಳಿಕೊಂಡು ಬಂದರೂ ಮಗುವನ್ನು ಒಪ್ಪಿಸಕೂಡದು. ಹೆತ್ತವರು ಯಾವ ಹೊತ್ತಿನಲ್ಲಿ ಬಂದು ನೋಡಿದರೂ ಬಾಗಿಲು ತೆರೆದಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದೂ ಸುಮ್ಮನಿರುವುದು 2012ರ ಪೋಕ್ಸೋ ಕಾಯಿದೆಯಂತೆ ಅಪರಾಧ. ಆ ದೌರ್ಜನ್ಯವು ಮಗುವಿನ ಸ್ವಂತ ಮನೆಯಲ್ಲಿ ನಡೆದಿದ್ದರೂ ಹಾಗೆಯೇ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098ನ್ನು ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿಡುವುದು ಒಳ್ಳೆಯದು.

ಇನ್ನು ಲೆಕ್ಕದ ಮಾತು. ಎಂಟು ಮಕ್ಕಳಿಂದ ತಲಾ 1,000 ರೂಪಾಯಿಯಂತೆ ತಿಂಗಳಿಗೆ 8,000 ಬಂದಿತೆಂದಿಟ್ಟುಕೊಳ್ಳೋಣ. ದಿನವೊಂದಕ್ಕೆ ಮಗುವಿಗೆ 15 ರೂಪಾಯಿಯ ತಿಂಡಿಯೆಂದರೆ 24 ದಿನಗಳಿಗೆ 2,880 ರೂಪಾಯಿ, ಉಳಿಯುವುದು 5,120. ಮನೆಯ ಬಾಡಿಗೆಯನ್ನು ಇದರಿಂದಲೇ ತೆರಬೇಕಾದರೆ ಕೈಗೆ ಬರುವುದು ಅತ್ಯಲ್ಪ. ಆದಕಾರಣ ಸ್ವಂತ ಮನೆಯ ಜಗುಲಿಯಲ್ಲಿಯೇ ಆರಂಭಿಸುವುದು ಲೇಸು. ಆದಾಯ ಸಾಲದೆಂದು ಒಬ್ಬರೇ ಇಪ್ಪತ್ತು ಮಕ್ಕಳನ್ನು ತುಂಬಿಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಮಕ್ಕಳು ಹೆಚ್ಚಿದರೆ ಸಹಾಯಕರನ್ನೂ ಹೆಚ್ಚಿಸಿಕೊಳ್ಳಬೇಕು.

ಕಡೆಯದಾಗಿ ಗೃಹಸ್ಥರಲ್ಲಿ ಒಂದು ಅರಿಕೆ. ನೆರೆಮನೆಯ ಹೆಂಗಸು ಮಗುವನ್ನು ನೋಡಿಕೊಂಡರೆ ಅದು ಉಪಕಾರ, ಅದಕ್ಕೆ ಹಣವೇಕೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಉಪಕಾರವನ್ನು ಕೇಳಿದವರು ಹೊತ್ತು ಮೀರಿದರೂ ಪ್ರಶ್ನಿಸಲಾರರು, ತಪ್ಪಾದರೂ ಲೆಕ್ಕ ಕೇಳಲಾರರು. ಸಂಬಳ ತೆತ್ತವರು ನಿಯಮವನ್ನು ಕೇಳಬಹುದು. ಪಡೆದವರು ಅದಕ್ಕೆ ಬದ್ಧರಾಗಿರುತ್ತಾರೆ. ಮನೆಗೆ ಹಾಲು ಹಾಕುವವರಿಗೆ ತಿಂಗಳ ಮೊದಲ ದಿನವೇ ಹಣವನ್ನು ಎತ್ತಿಡುವ ನಾವು, ಮಗುವಿನ ಸಂಜೆಯನ್ನು ಕಾಯುವವರಿಗೂ ಅದೇ ದಿನ ಎತ್ತಿಡುವುದನ್ನು ರೂಢಿಮಾಡಿಕೊಳ್ಳೋಣ. ನಿಮ್ಮ ಬೀದಿಯಲ್ಲಿ ಇಂತಹ ಮಕ್ಕಳು ಎಷ್ಟು ಮಂದಿ ಇರುವರೆಂದು ಈ ವಾರವೇ ಎಣಿಸಿ ನೋಡಿರಿ. ನಾಲ್ಕು ಮಕ್ಕಳಿದ್ದರೂ ಆರಂಭಕ್ಕೆ ಸಾಕು.