ಬೀಗ ಬೀಳುವ ಮೊದಲೇ ಮಾತುಕತೆ

ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೂ, ಹೋಟೆಲಿನಲ್ಲಿ ಲೋಟ ಎತ್ತುವ ನಮಗೂ, ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಲ್ಲುವ ನಮ್ಮ ಅಣ್ಣತಮ್ಮಂದಿರಿಗೂ ಏನು ಸಂಬಂಧವೆಂದು ಬಂಧುಗಳು ಕೇಳಬಹುದು. ಸಂಬಂಧವಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯುವ ನ್ಯಾಷನಲ್ ಹಾಕಿ ಲೀಗಿನ ಕಥೆಯು ಮಾಲಿಕ, ಕೆಲಸಗಾರ, ಕರಾರು, ಬೀಗ, ಈ ನಾಲ್ಕು ಮಾತುಗಳ ಕಥೆಯೇ ಆಗಿದೆ.

ಅಲ್ಲಿಯ ಆಟಗಾರ ಬಡವನಲ್ಲ. 2004ರಲ್ಲಿ ಅವನ ಸರಾಸರಿ ಸಂಬಳ ವರುಷಕ್ಕೆ ಸುಮಾರು 18 ಲಕ್ಷ ಡಾಲರು. ಅವನಿಗಾಗಿ ಕಣ್ಣೀರು ಸುರಿಸಿರೆಂದು ನಾವು ಹೇಳುತ್ತಿಲ್ಲ. ಆದರೆ ಕೂಲಿ ಎಷ್ಟೇ ಇರಲಿ, ಮಾಲಿಕನ ವರಸೆ ಒಂದೇ ಎಂಬುದನ್ನು ನೋಡಿರಿ. 1957ರಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಎಂಬ ಹೆಸರಾಂತ ಆಟಗಾರ ಸಂಘ ಕಟ್ಟಹೊರಟು, ಪಿಂಚಣಿ ನಿಧಿಯ ಲೆಕ್ಕ ಕೇಳಿದ. ಅದೇ ವರುಷ ಅವನನ್ನು ಶಿಕಾಗೋ ತಂಡಕ್ಕೆ ಸಾಗಹಾಕಿದರು. ಮುಂದಾಳುವನ್ನು ದೂರದ ಖಾತೆಗೆ ದಬ್ಬುವ ಉಪಾಯ ನಮ್ಮವರಿಗೆ ಹೊಸದೇನಲ್ಲ. ಆಟಗಾರರ ಸಂಘ ಗಟ್ಟಿಯಾಗಿ ನಿಂತದ್ದು ಹತ್ತು ವರುಷಗಳ ಅನಂತರ, 1967ರಲ್ಲಿ.

2004ಕ್ಕೆ ಬರೋಣ. ಕರಾರು ಸೆಪ್ಟೆಂಬರಿನಲ್ಲಿ ಮುಗಿಯುವುದೆಂದು ಎರಡೂ ಪಕ್ಷಗಳಿಗೆ ವರುಷಗಳ ಮುಂಚಿನಿಂದ ಗೊತ್ತಿತ್ತು. ನಷ್ಟವಾಗುತ್ತಿದೆ, ಪ್ರತಿಯೊಂದು ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಲೇಬೇಕು ಎಂದು ಮಾಲಿಕರು ಹಟ ಹಿಡಿದರು. ಲೀಗೇ ಹಣ ಕೊಟ್ಟು ತರಿಸಿದ ವರದಿಯೊಂದು 2002-03ರ ಸಾಲಿನ ನಷ್ಟ 27 ಕೋಟಿ 30 ಲಕ್ಷ ಡಾಲರೆಂದು ಸಾರಿತು. ಸಂಘ ಆ ಲೆಕ್ಕವನ್ನು ನಂಬಲಿಲ್ಲ. ಸೆಪ್ಟೆಂಬರ್ 16ರಂದು ಬೀಗ ಬಿತ್ತು. ಇದು ಮುಷ್ಕರವಲ್ಲ; ಆಡಲು ಸಿದ್ಧರಿದ್ದವರನ್ನು ಮಾಲಿಕರೇ ಹೊರಗಿಟ್ಟ ಬೀಗಮುದ್ರೆ. ಡಿಸೆಂಬರಿನಲ್ಲಿ ಆಟಗಾರರು ತಾವಾಗಿಯೇ ಶೇಕಡ 24ರಷ್ಟು ಸಂಬಳ ಬಿಡಲು ಮುಂದೆ ಬಂದರು. ಅದೂ ಸಾಲಲಿಲ್ಲ. ಫೆಬ್ರುವರಿಯ ಹೊತ್ತಿಗೆ ಸಂಘವು ಮಿತಿಗೂ ಒಪ್ಪಿ, ತಂಡಕ್ಕೆ 4 ಕೋಟಿ 90 ಲಕ್ಷ ಡಾಲರು ಕೇಳಿತು. ಮಾಲಿಕರು 4 ಕೋಟಿ 25 ಲಕ್ಷಕ್ಕೆ ನಿಂತರು. ಇಷ್ಟು ಹತ್ತಿರ ಬಂದ ಮೇಲೂ ಯಾರೂ ಕೈ ಚಾಚಲಿಲ್ಲ. 2005ರ ಫೆಬ್ರುವರಿ 16ರಂದು ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಇಡೀ ವರುಷದ ಆಟವನ್ನೇ ರದ್ದು ಮಾಡಿದರು. 1919ರಲ್ಲಿ ಇನ್‌ಫ್ಲುಯೆಂಜಾ ಬೇನೆಯಿಂದ ನಿಂತಿದ್ದ ಸ್ಟ್ಯಾನ್ಲಿ ಕಪ್ಪು ಈ ಸಲ ಬೀಗದಿಂದ ನಿಂತಿತು. ಜುಲೈಯಲ್ಲಿ ರಾಜಿಯಾದಾಗ ಮೊದಲ ವರುಷದ ಮಿತಿ 3 ಕೋಟಿ 90 ಲಕ್ಷ, ಮೇಲೆ ಶೇಕಡ 24ರ ಕಡಿತ! ಫೆಬ್ರುವರಿಯಲ್ಲಿ ಸಿಗಬಹುದಾಗಿದ್ದುದಕ್ಕಿಂತ ಅದು ಕಡಿಮೆಯೇ.

ಈ ಜಗಳದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಬೇರೆ. ಆಟದ ರಾತ್ರಿ ಅಂಗಣದಲ್ಲಿ ತಿಂಡಿ ಮಾರುವವರು, ಬೀರು ಸುರಿಯುವವರು, ಕಸ ಗುಡಿಸುವವರು, ಎದುರಿನ ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಇವರ ಕೆಲಸವೂ ಆ ಚಳಿಗಾಲದಲ್ಲಿ ಹೋಯಿತು. ಆಟವಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಮಾತುಕತೆಯ ಮೇಜಿನ ಬಳಿ ಇವರಿಗೆ ಕುರ್ಚಿ ಇರಲಿಲ್ಲ. ಕೈಯಲ್ಲಿ ಕಾಸಿದ್ದ ಆಟಗಾರ ಕಾಯಬಲ್ಲ. ಇತರ ವ್ಯಾಪಾರಗಳುಳ್ಳ ಮಾಲಿಕ ಇನ್ನೂ ಹೆಚ್ಚು ಕಾಯಬಲ್ಲ. ತಟ್ಟೆ ತೊಳೆಯುವವನು ತಿಂಗಳ ಬಾಡಿಗೆಯವರೆಗೂ ಕಾಯಲಾರ. ಮುನ್ನೂರಕ್ಕೂ ಹೆಚ್ಚು ಆಟಗಾರರು ಯೂರೋಪಿನ ತಂಡಗಳಿಗೆ ಹೋಗಿ ಆಡಿದರು. ಅಲ್ಲಿ ಕಡಿಮೆ ಸಂಬಳಕ್ಕೆ ಆಡುತ್ತಿದ್ದವರಲ್ಲಿ ಕೆಲವರ ಜಾಗಕ್ಕೆ ಇವರು ಬದಲಿಗಳಾದರು. ಬದಲಿಯೆಂದರೇನು ಎಂಬುದನ್ನು ಮಿಲ್ಲಿನವರಿಗೆ ನಾವು ವಿವರಿಸಬೇಕಾಗಿಲ್ಲ.

ಮುಂಬಯಿಯಲ್ಲಿ ನಾವು ಕಂಡದ್ದೂ ಇದನ್ನೇ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಮಿಲ್ಲು ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯಿತೆಂದು ಯಾರೂ ವಿಧ್ಯುಕ್ತವಾಗಿ ಸಾರಲೇ ಇಲ್ಲ. ಮಿಲ್ಲುಗಳೊಡನೆ ಸುತ್ತಲಿನ ಖಾನಾವಳಿಗಳ ಒಲೆಯೂ ತಣ್ಣಗಾಯಿತು. ಮಿಲ್ಲಿನವನ ಪಗಾರ ನಿಂತರೆ ಹೋಟೆಲಿನವನ ಗಲ್ಲಾ ಬರಿದಾಗುತ್ತದೆ. ನಾವು ಎರಡು ಜಾತಿಯವರಲ್ಲ.

ಒಮ್ಮೆ ಬೀಗ ಫಲಿಸಿದರೆ ಮಾಲಿಕ ಮತ್ತೆ ಅದನ್ನೇ ಹುಡುಕುತ್ತಾನೆ. 2012ರ ಸೆಪ್ಟೆಂಬರಿನಲ್ಲಿ ಕರಾರು ಮುಗಿದೊಡನೆ ಹಾಕಿ ಲೀಗಿನಲ್ಲಿ ಪುನಃ ಬೀಗ. ವರಮಾನದಲ್ಲಿ ಆಟಗಾರರ ಪಾಲು ಶೇಕಡ 57ರಿಂದ 50ಕ್ಕೆ ಇಳಿಯಿತು. 2013ರ ಜನವರಿಯಲ್ಲಿ ಆಟ ಆರಂಭವಾದಾಗ ಪ್ರತಿ ತಂಡಕ್ಕೆ 82ರ ಬದಲು 48 ಪಂದ್ಯಗಳಷ್ಟೇ ಉಳಿದವು.

ಆದರೆ ಕಲಿಯುವುದೂ ಸಾಧ್ಯ. 2026ರ ಸೆಪ್ಟೆಂಬರಿಗೆ ಮುಗಿಯುವ ಕರಾರಿನ ಬದಲು ಹೊಸದನ್ನು ಎರಡು ಪಕ್ಷಗಳೂ 2025ರ ಜುಲೈಯಲ್ಲಿಯೇ, ಒಂದು ವರುಷಕ್ಕೂ ಮುಂಚೆ, ಒಪ್ಪಿ ಮುಗಿಸಿದವು. ಅದಕ್ಕಾಗಿ ಒಂದು ದಿನದ ಆಟವೂ ನಿಲ್ಲಲಿಲ್ಲ.

ನಾವು ಹೇಳುವುದಿಷ್ಟೇ. ಮುಷ್ಕರ ನಮ್ಮ ಹಕ್ಕು. ಅದನ್ನು ಬಿಡುವ ಮಾತೇ ಇಲ್ಲ. ಆದರೆ ಕರಾರು ಮುಗಿದ ರಾತ್ರಿ ಎದ್ದು ಕೂಗುವ ಸಂಘಕ್ಕಿಂತ, ಆರು ತಿಂಗಳ ಮುಂಚೆ ಬೇಡಿಕೆ ಬರೆದು ಲೆಕ್ಕದ ಪುಸ್ತಕ ಕೇಳುವ ಸಂಘಕ್ಕೆ ಬಲ ಹೆಚ್ಚು. ಆ ಬೇಡಿಕೆಯಲ್ಲಿ ಬದಲಿಯವನ ಹೆಸರೂ, ಲೋಟ ತೊಳೆಯುವ ಹುಡುಗನ ಹೆಸರೂ ಇರಲೇಬೇಕು. ನಿಮ್ಮ ಹೋಟೆಲಿನ, ನಿಮ್ಮ ಮಿಲ್ಲಿನ ಕರಾರು ಯಾವ ತಾರೀಖಿಗೆ ಮುಗಿಯುತ್ತದೆಂದು ತಿಳಿಯದವರು ಈ ವಾರವೇ ಸಂಘದ ಕಚೇರಿಗೆ ಬಂದು ಕೇಳಿ ಬರೆದುಕೊಳ್ಳಿರಿ.