ಋಣದ ಲೆಕ್ಕ ಕೇಳುವವರಿಗೆ

ನಮ್ಮ ಸಹೋದರ ಪತ್ರಿಕೆಯೊಂದು ಈಚೆಗೆ ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಶಿಬಿರದ ಮೇಲೆ ಲೇಖನಮಾಲೆಯನ್ನೇ ಹೊರತಂದಿತು. ನಮ್ಡ್ರೋಲಿಂಗ್ ಮಠದ ಚಿನ್ನದ ಬುದ್ಧ, ಕೆಂಪುವಸ್ತ್ರದ ಬಾಲಭಿಕ್ಷುಗಳು, ಮೊಮೊ ಅಂಗಡಿ ಎಲ್ಲ ಇದ್ದವು. ಹೆಂಗಸರು ಮಾತ್ರ ಇರಲಿಲ್ಲ. ಕೊನೆಯ ಕಂತಿನಲ್ಲಿ ಲೇಖಕರು ಕೇಳಿದರು: ಇಷ್ಟು ವರ್ಷ ನೆಲ ನೀರು ಕೊಟ್ಟ ಕನ್ನಡನಾಡಿಗೆ ಇವರು ಒಗ್ಗಿಕೊಂಡದ್ದೆಷ್ಟು, ತಿರುಗಿ ಕೊಟ್ಟದ್ದೇನು? ಈ ಪ್ರಶ್ನೆಗೆ ಉತ್ತರ ಹೇಳದೆ ಬಿಡುವ ಹಾಗಿಲ್ಲ.

1960ರ ಸುಮಾರಿಗೆ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣದ ಸೀಮೆಯಲ್ಲಿ ಟಿಬೆಟನ್ನರಿಗೆ ಸುಮಾರು 3000 ಎಕರೆ ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸಿನ ಕೆಲಸ. ಅದರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಕೊಟ್ಟದ್ದು ಉತ್ತ ಹೊಲವಾಗಿರಲಿಲ್ಲ, ಕಾಡಾಗಿತ್ತು. ಅದನ್ನು ಕಡಿದು ಹಸನು ಮಾಡಿದವರಲ್ಲಿ ಅರ್ಧದಷ್ಟು ಕೈಗಳು ಹೆಂಗಸರವು. ಅದಕ್ಕೂ ಮೊದಲು ಇವರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲು ಒಡೆದಿದ್ದರು. ಅದಕ್ಕೂ ಹಿಂದೆ, 1959ರ ಮಾರ್ಚ್ 12ರಂದು ಟಿಬೆಟಿನ ಲಾಸಾದಲ್ಲಿ ಸಾವಿರಾರು ಹೆಂಗಸರು ಚೀನೀ ಸೇನೆಯ ಎದುರು ಬೀದಿಗಿಳಿದಿದ್ದರು. ಆ ಪೀಳಿಗೆಯ ಹೆಂಗಸರು ಬೈಲುಕುಪ್ಪೆಯ ಸೆಕೆಗೆ, ಕ್ಷಯಕ್ಕೆ ತಮ್ಮವರನ್ನು ಕಳೆದುಕೊಂಡರು, ರಾತ್ರಿಯೆಲ್ಲ ತಗಡು ಬಡಿದು ಆನೆ ಓಡಿಸಿದರು, ಹಿಂದೆಂದೂ ಬೆಳೆಯದ ಮುಸುಕಿನ ಜೋಳ ಬೆಳೆಯಲು ಕಲಿತರು. ಬೆಳೆ ಕೈಕೊಟ್ಟಾಗ ರತ್ನಗಂಬಳಿ ನೇಯ್ದರು. ಚಳಿಗಾಲ ಬಂತೆಂದರೆ ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಊರೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿದರು. ಅಲ್ಲಿ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತ ಕಲಿತ ಕನ್ನಡ ಅವರದು. ಯಾವ ಶಾಲೆಯೂ ಕಲಿಸಿದ್ದಲ್ಲ. ಇನ್ನೂ ಎಷ್ಟು ಒಗ್ಗಬೇಕು?

ಒಗ್ಗದೆ ಉಳಿದಿರುವುದು ನಮ್ಮ ಕಾನೂನು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಇಂದಿಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲೊಂದು ಕಾಯ್ದೆಯೂ ಇಲ್ಲ. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಆ ಮಾತು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ಒಪ್ಪಿಸಲು ಒಬ್ಬ ಹೆಣ್ಣುಮಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು, 2010ರಲ್ಲಿ ಗೆದ್ದಳು. 2017ರಲ್ಲಿ ಸರ್ಕಾರ ಹೀಗೆ ನಾಗರಿಕರೆನಿಸಿದ ಟಿಬೆಟನ್ನರ ಪಾಸ್‌ಪೋರ್ಟಿಗೆ ಷರತ್ತು ಹಾಕಿತು: ವಿದೇಶಿಯರೆಂದು ಕೊಟ್ಟಿದ್ದ ನೋಂದಣಿ ಪತ್ರ ಹಿಂದಿರುಗಿಸಿ, ವಸತಿ ಶಿಬಿರ ಬಿಟ್ಟು ಹೊರಗಿರಬೇಕು. ಮುದಿ ತಾಯಿಯ ಆರೈಕೆ, ಹೊಲ, ಮಕ್ಕಳ ಶಾಲೆ ಎಲ್ಲವೂ ಶಿಬಿರದೊಳಗೇ ಇರುವ ಹೆಂಗಸಿಗೆ ಇದು ಹಕ್ಕನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಷರತ್ತು. ಇನ್ನು 2004ರ ಡಿಸೆಂಬರ್ ನಂತರ ನೋಂದಣಿ ಪತ್ರ ಮಾತ್ರ ಇರುವ ತಾಯಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗು, ತಂದೆಯ ಬಳಿಯೂ ಅಷ್ಟೇ ಇದ್ದರೆ, ಕಾನೂನಿನ ಕಣ್ಣಿಗೆ ವಿದೇಶಿ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಸಿಂಧನೂರಿನ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿಗೆ ಒಂದು ಬಾಗಿಲು ತೆರೆಯಿತು. ಟಿಬೆಟನ್ನರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಪೌರತ್ವ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಹೋಗಿ ಬರಲಿ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದ ಚಹಾ ತೋಟಗಳಿಂದ ಬಂದ ತಮಿಳು ಕುಟುಂಬಗಳು ಅಲ್ಲಿವೆ. ಹೆಂಗಸರು ನಸುಕಿನಲ್ಲೆದ್ದು ಟ್ಯಾಪಿಂಗ್‌ಗೆ ಹೋಗುತ್ತಾರೆ. ಕಾಗದದ ಮೇಲೆ ಭಾರತೀಯರು. ಆದರೂ ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ದಶಕಗಳ ಕಾಲ ಕಚೇರಿ ಅಲೆದರು.

ಕೊಟ್ಟದ್ದೇನು ಎಂಬ ಪ್ರಶ್ನೆಗೂ ಉತ್ತರವಿದೆ. 2016ರ ಡಿಸೆಂಬರಿನಲ್ಲಿ ಮುಂಡಗೋಡಿನ ಟಿಬೆಟನ್ ಶಿಬಿರದಲ್ಲಿ 20 ಮಂದಿ ಭಿಕ್ಷುಣಿಯರು ಗೆಶೆಮಾ ಪದವಿ ಪಡೆದರು. ಶತಮಾನಗಳಿಂದ ಗಂಡಸರಿಗಷ್ಟೇ ಮೀಸಲಾಗಿದ್ದ ಉನ್ನತ ಶಾಸ್ತ್ರಪದವಿ ಅದು. ಟಿಬೆಟಿನ ಧರ್ಮದ ಇತಿಹಾಸದಲ್ಲೇ ದೊಡ್ಡದೆನಿಸುವ ಆ ಘಳಿಗೆ ಉತ್ತರ ಕನ್ನಡದ ನೆಲದಲ್ಲಿ ನಡೆಯಿತು. ಅಕ್ಕಮಹಾದೇವಿಯ ಹೆಸರು ಹೇಳದೆ ಭಾಷಣ ಮುಗಿಸದ ನಮ್ಮ ಸಾಹಿತ್ಯಲೋಕ ಅದನ್ನು ಸಂಭ್ರಮಿಸಬೇಕಿತ್ತು. ಚಿನ್ನದ ಬುದ್ಧನ ಫೋಟೊಗೆ ಪುಟಗಟ್ಟಲೆ ಜಾಗ ಮಾಡಿಕೊಟ್ಟವರು ಈ ವಿದುಷಿಯರಿಗೆ ಒಂದು ಸಾಲನ್ನೂ ಕೊಡಲಿಲ್ಲ.

ಅದಕ್ಕೇ ನಮ್ಮ ಈ ಸಂಚಿಕೆ ನಿರಾಶ್ರಿತ ಮಹಿಳೆಯರ ಬದುಕಿಗೆ ಮೀಸಲು.

ನಮ್ಮ ನಿಲುವು ಸ್ಪಷ್ಟ. ಆಶ್ರಯ ಕೊಟ್ಟವರು ಕೃತಜ್ಞತೆಯನ್ನು ಬಾಡಿಗೆಯಂತೆ ವಸೂಲಿ ಮಾಡಬಾರದು. 2017ರಂಥ ಷರತ್ತಿಗೆ ಕಾನೂನಿನಲ್ಲಿ ಜಾಗವಿರಬಾರದು. ಶಿಬಿರದ ಶಾಲೆಗಳಲ್ಲಿ ಕನ್ನಡ ಕಲಿಸುವ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು. ಕಾಡು ಕಡಿದ ಮೊದಲ ತಲೆಮಾರಿನ ಅಮ್ಮಂದಿರು ಎಂಬತ್ತು ದಾಟಿದ್ದಾರೆ; ಅವರ ಮಾತನ್ನು ದಾಖಲಿಸುವ ಕೆಲಸವನ್ನು ನಮ್ಮ ಅಕಾಡೆಮಿ, ವಿಶ್ವವಿದ್ಯಾಲಯಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ. ಅವರು ಮಾಡದಿದ್ದರೆ ಈ ಪತ್ರಿಕೆ ತನ್ನ ಕೈಲಾದಷ್ಟು ಮಾಡುತ್ತದೆ.