ಪಾನಾ ಹಿಡಿದದ್ದು ಮೂರು ತಾಸು, ಗಾಡಿ ನಿಂತದ್ದು ನಾಲ್ಕು ದಿನ!

ಕಲ್ಲೂರಿನ ಕಿರಾಣಿ ಸಾವ್ಕಾರರೊಬ್ಬರು ಈಚೆಗೆ ಒಂದು ಸೋಮವಾರ ತಮ್ಮ ಗೂಡ್ಸ್ ಆಟೋವನ್ನು ಗ್ಯಾರೇಜಿಗೆ ಬಿಟ್ಟರು. ಹಿಂದಿನ ಗಾಲಿಯ ಬೇರಿಂಗ್ ಗರಗರ ಅನ್ನುತ್ತಿತ್ತು. "ಸಂಜೀಕ ಒಯ್ರಿ ಸಾವ್ಕಾರ್ರ" ಅಂದರು ಮೇಸ್ತ್ರಿ. ಗಾಡಿ ಕೈಗೆ ಬಂದದ್ದು ಗುರುವಾರ ಮಧ್ಯಾಹ್ನ. ಅಲ್ಲಿಯ ತನಕ ರಾಯಚೂರು ಗಂಜಿನಿಂದ ಮಾಲು ತರಲು ಬಾಡಿಗೆ ಟಂಟಂ. ಒಂದು ವಾರದ ಲಾಭ ಬಾಡಿಗೆಗೇ ಹೋಯಿತು ಎಂದು ಸಾವ್ಕಾರರ ದೂರು.

ಮೇಸ್ತ್ರಿ ಸೋಮಾರಿಯೇ? ಅಲ್ಲ. ಕೈಯಲ್ಲಿ ಕಸುಬಿದೆ, ಸುಳ್ಳು ಹೇಳುವ ಮನುಷ್ಯನೂ ಅಲ್ಲ. ಹಾಗಾದರೆ ನಾಲ್ಕು ದಿನ ಎಲ್ಲಿ ಹೋದವು? ಅವರ ಬಾಜೂಕೇ ಸ್ಟೂಲ್ ಹಾಕಿಕೊಂಡು ಕೂತು ಕೇಳಿದೆ.

ಸೋಮವಾರ ಗಾಲಿ ಬಿಚ್ಚಿದರು, ಹುಡುಗನನ್ನು ಬಸ್ಸು ಹತ್ತಿಸಿ ರಾಯಚೂರಿಗೆ ಕಳಿಸಿದರು. ಅವನು ಗಾಡಿಯ ಹೆಸರು ಹೇಳಿ ಬೇರಿಂಗ್ ತಂದ. ಕೂಡಲಿಲ್ಲ. ಬೇರಿಂಗಿನ ಮೇಲೆಯೇ ನಂಬರು ಕೆತ್ತಿರುತ್ತದೆ, ಅದನ್ನು ಬರೆದುಕೊಳ್ಳಲಿಲ್ಲ, ಹಳೆಯ ಬೇರಿಂಗನ್ನೂ ಒಯ್ಯಲಿಲ್ಲ. ಮಂಗಳವಾರ ಮತ್ತೆ ಬಸ್ಸು. ಸರಿಯಾದದ್ದು ಬಂತು, ಆದರೆ ಅಷ್ಟೊತ್ತಿಗೆ ಆಯಿಲ್ ಸೀಲ್ ಹರಿದದ್ದು ಕಣ್ಣಿಗೆ ಬಿತ್ತು. ಬುಧವಾರ ಮೂರನೇ ಸಲ ಬಸ್ಸು. ಸೀಲ್ ಬಂದ ಮೇಲೆ ಬ್ರೇಕ್ ಡ್ರಮ್ಮಿನ ಒಳಗೆ ಗೆರೆ ಬಿದ್ದದ್ದು ಕಂಡಿತು, ಲೇತಿಗೆ ಹೋಯಿತು. ಗುರುವಾರ ಜೋಡಣೆ. ಎಲ್ಲ ಸೇರಿಸಿದರೆ ಪಾನಾ ಹಿಡಿದ ಹೊತ್ತು ಮೂರು ತಾಸು! ಉಳಿದದ್ದೆಲ್ಲ ದಾರಿ ಕಾಯುವುದು.

ಗಾಲಿ ಬಿಚ್ಚಿದ ತಾಸಿನಲ್ಲೇ ಬೇರಿಂಗ್, ಸೀಲ್, ಡ್ರಮ್, ಬ್ರೇಕ್ ಶೂ ನಾಲ್ಕನ್ನೂ ಒರೆಸಿ ನೋಡಿ ಒಂದು ರಟ್ಟಿನ ಮೇಲೆ ಬರೆದಿದ್ದರೆ? ಗಾಡಿ ನಂಬರು, ಮಾಲಕರು ಹೇಳಿದ ತಕರಾರು, ಒಳಗೆ ಕಂಡದ್ದು, ಬೇಕಾದ ಸಾಮಾನಿನ ನಂಬರು, ಒಪ್ಪಿದ ರೊಕ್ಕ, ಇಷ್ಟೇ. ಬರೆಯಲು ಬೇಸರವಾದರೆ ಮೊಬೈಲಿನಲ್ಲಿ ಫೋಟೋ ಹೊಡೆದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಕಳಿಸಿದರೂ ಸಾಕು. ಹುಡುಗ ಒಂದೇ ಸಲ ಹೋಗಿ ಬರುತ್ತಿದ್ದ. ಡ್ರಮ್ ಸೋಮವಾರವೇ ಲೇತಿಗೆ ಹೋಗುತ್ತಿತ್ತು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ತಿಳಿಯುವ ಲೆಕ್ಕ ಇದು.

ಈ ಬರೆದಿಡುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದಾಗ, 1932ರ ಜೂನ್‌ನಲ್ಲಿ, ಅವರ ರೈಲ್ವೆಯೇ 27 ಬಸ್ಸುಗಳಿಂದ ಸರ್ಕಾರಿ ಮೋಟಾರು ಸೇವೆ ಶುರು ಮಾಡಿತು. ಈಗಿರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ದಲ್ಲಿ ಈಶಾನ್ಯ ಸಾರಿಗೆ ಎಂದು ಬೇರೆಯಾಗಿ, 2021ರಲ್ಲಿ ಈ ಹೆಸರು ಪಡೆಯಿತು. ನಿಗಮದ ಪದ್ಧತಿಯಲ್ಲಿ ಡ್ರೈವರ್ ಗಾಡಿಯ ತಕರಾರನ್ನು ಲಾಗ್ ಶೀಟಿನಲ್ಲಿ ಬರೆಯಬೇಕು, ಡಿಪೋದ ಮೆಕ್ಯಾನಿಕ್ ಅದನ್ನು ನೋಡಿ ಕೆಲಸ ಮಾಡಬೇಕು. ಎಂಜಿನ್ ಕೆಟ್ಟರೆ ಅದೇ ಎಂಜಿನ್ ರಿಪೇರಿಯಾಗುವ ತನಕ ಬಸ್ಸು ಕಾಯುವುದಲ್ಲ. ರೆಡಿ ಮಾಡಿಟ್ಟ ಬೇರೆ ಎಂಜಿನ್ ಕೂಡಿಸಿ ಬಸ್ಸನ್ನು ರೂಟಿಗೆ ಬಿಡುವುದು, ಕೆಟ್ಟದ್ದನ್ನು ಯಾದಗಿರಿಯಂಥ ಕಡೆ ಇರುವ ದೊಡ್ಡ ವರ್ಕ್‌ಶಾಪಿಗೆ ಕಳಿಸುವುದು.

ಹಾಗಂತ ಬಸ್ಸುಗಳೆಲ್ಲ ಸುಸೂತ್ರ ಅಂತ ನಾನು ಹೇಳಿದರೆ ಸ್ಟಾಂಡಿನಲ್ಲಿ ನಿಂತವರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಒಂದು ಬಸ್ಸು ಕೈಕೊಟ್ಟರೆ ಹಿಂದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡ್ರೈವರ್ ಬರೆದದ್ದನ್ನು ಯಾರೂ ಓದದಿದ್ದರೆ ಬರೆದೇನು ಫಲ? ಆದರೆ ಪದ್ಧತಿ ಸರಿಯಾದದ್ದು, ಸಣ್ಣ ಗ್ಯಾರೇಜಿಗೂ ಒಗ್ಗುವಂಥದ್ದು. ಮೂರು ಗ್ಯಾರೇಜಿನವರು ಕೂಡಿ ಲೈನಿಂಗ್ ಹಾಕಿದ ಬ್ರೇಕ್ ಶೂ, ರಿಪೇರಿಯಾದ ಸೆಲ್ಫ್ ಮೋಟಾರು ಒಂದೊಂದು ಜತೆ ಇಟ್ಟುಕೊಳ್ಳಲಿ. ಹಳೆಯದು ಇಳಿಸು, ರೆಡಿ ಇದ್ದದ್ದು ಏರಿಸು, ಗಾಡಿ ಬಿಡು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ತಕರಾರು ಓದುವ ಸ್ಕ್ಯಾನರನ್ನೂ ಹೀಗೆಯೇ ಕೂಡಿ ಕೊಳ್ಳಬಹುದು. ದೀಪ ಹತ್ತಿದ ಕೂಡಲೇ ಅಂದಾಜಿನ ಮೇಲೆ ಸೆನ್ಸರ್ ಬದಲಿಸಿ ಗಿರಾಕಿಯ ರೊಕ್ಕ ಹಾಳು ಮಾಡುವುದಾದರೂ ತಪ್ಪುತ್ತದೆ.

ಇದನ್ನೆಲ್ಲ ಮೇಸ್ತ್ರಿಗೆ ಹೇಳಿದೆ. ಅವರು ಏನೂ ಮಾತಾಡದೆ ಟೂಲ್ ಪೆಟ್ಟಿಗೆಯ ಕೆಳಗಿಂದ ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಪುಟಪುಟವೂ ಉದ್ರಿ!

"ಸಾಮಾನು ತಂದಿಡು ಅಂತೀರಿ, ಯಾವ ರೊಕ್ಕದಾಗ ತರ್ಲಿ? ನೀವು ಅಂಗಡ್ಯಾಗ 'ನಗದು ಇಂದು, ಉದ್ರಿ ನಾಳೆ' ಅಂತ ಬೋರ್ಡ್ ಹಾಕ್ತೀರಿ. ನನ್ನ ಕಡೆ ಬಂದ್ರ 'ಬರ್ಕೋ ಮೇಸ್ತ್ರಿ' ಅಂತೀರಿ. ಅದಕ್ಕ ಒಂದೊಂದೇ ಸಾಮಾನು ತರಸ್ತೀನಿ."

ನನ್ನ ಬಾಯಿ ಕಟ್ಟಿತು. ಗ್ಯಾರೇಜಿನವರನ್ನು ಬೈಯಬೇಕೆಂದೇ ಪೆನ್ನು ತೆಗೆದುಕೊಂಡು ಹೋದವನು ನಾನು. ಗಾಡಿ ಬಿಡುವಾಗಲೇ ಸಾಮಾನಿನ ರೊಕ್ಕ, ಒಯ್ಯುವಾಗ ಮಜೂರಿ ಎಂದು ಒಪ್ಪಂದವಾಗದಿದ್ದರೆ ರಟ್ಟಿನ ಮೇಲೆ ಎಷ್ಟು ಬರೆದರೂ ಹುಡುಗ ಮೂರು ಸಲ ಬಸ್ಸು ಹತ್ತುವುದೇ ಸೈ.

ಇನ್ನೊಂದು ಮಾತು. ಆಯುಧ ಪೂಜೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಅದೇ ಗಾಲಿಯನ್ನು ಬಿಚ್ಚಿಸಿ ಗ್ರೀಸ್ ಹಾಕಿಸುವವರು ಎಷ್ಟು ಮಂದಿ? ಹತ್ತಿ ಬಿಡಿಸುವ ಸುಗ್ಗಿ ಶುರುವಾದ ಮೇಲೆ ಕ್ರೂಸರ್, ಟ್ರ್ಯಾಕ್ಟರ್, ಟಂಟಂ ಎಲ್ಲವೂ ಒಂದೇ ವಾರ ಗ್ಯಾರೇಜಿಗೆ ನುಗ್ಗುತ್ತವೆ. ಆಗ ಮೇಸ್ತ್ರಿಗೆ ಕೈ ನಾಲ್ಕಿದ್ದರೂ ಸಾಲುವುದಿಲ್ಲ. ಕೆಲಸ ಕಡಿಮೆ ಇರುವ ಶ್ರಾವಣದಲ್ಲೇ ಒಮ್ಮೆ ತೋರಿಸಿದರೆ ಏನು ಗಂಟು ಹೋಗುತ್ತದೆ?

ಕಲ್ಲೂರಿನ ಆ ಗ್ಯಾರೇಜಿನಲ್ಲಿ ಈಗ ಗೋಡೆಗೆ ಒಂದು ಮೊಳೆ ಹೊಡೆದು ಮೂರು ರಟ್ಟು ತೂಗುಹಾಕಿದ್ದಾರೆ. ಸಾವ್ಕಾರರ ಆಟೋ ಓಡುತ್ತಿದೆ. ಅವರ ಬಿಲ್ಲು ಮಾತ್ರ ಈ ಬರಹ ಅಚ್ಚಿಗೆ ಹೋಗುವ ತನಕ ನೋಟ್‌ಬುಕ್ಕಿನಲ್ಲೇ ಇತ್ತು.